ಮಂಚಕ್ಕೂ ನೀರಿಗೂ ನಡುವೆ: ಮಲ್ಪೆಯಿಂದ ಗೋಕರ್ಣದವರೆಗೆ ಕೋಣೆ ಹುಡುಕಿದ ಕಥೆ

ಶುಕ್ರವಾರ, ರೈಲಿನಲ್ಲಿ

ಬೇಸಿಗೆ ರಜೆಗೆ ಕಡಲಿಗೇ ಹೋಗಬೇಕು ಅಂತ ಮಕ್ಕಳು ಸಂಕ್ರಾಂತಿಯಿಂದಲೇ ಹಠ ಹಿಡಿದಿದ್ದರು. ಹೋಗುವುದೇನೋ ಸುಲಭ. ಉಳಿಯುವುದೆಲ್ಲಿ ಅನ್ನುವುದೇ ದೊಡ್ಡ ತಲೆನೋವು. ಮೊಬೈಲಿನಲ್ಲಿ ಯಾವ ಹೋಟೆಲ್ ನೋಡಿದರೂ ಒಂದೇ ಚಿತ್ರ. ನೀಲಿ ಕಡಲು, ಬಿಳಿ ಹಾಸಿಗೆ, ಪಕ್ಕದಲ್ಲೊಂದು ತೆಂಗಿನಮರ. ಆ ಹಾಸಿಗೆಗೂ ನೀರಿಗೂ ನಡುವೆ ಏನಿದೆ ಅಂತ ಯಾರೂ ತೋರಿಸುವುದಿಲ್ಲ. ರಸ್ತೆ ದಾಟಬೇಕಾ? ಕಲ್ಲಿನ ತಡೆಗೋಡೆ ಇದೆಯಾ? ಮೆಟ್ಟಿಲು ಎಷ್ಟು? ಅಲ್ಲಿ ಮಕ್ಕಳು ನೀರಿಗಿಳಿಯಬಹುದಾ? ಮಂಡಿನೋವಿನ ಅಮ್ಮನನ್ನೂ ಪ್ರೈಮರಿ ಶಾಲೆಯ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೊರಟವಳಿಗೆ ಬೇಕಿದ್ದದ್ದು ಇದೇ ಉತ್ತರ.

ಅದಕ್ಕೇ ನಾನು ಮತ್ತು ಇವರು ಕೂತು ಒಂದು ತೀರ್ಮಾನಕ್ಕೆ ಬಂದೆವು. ಶನಿವಾರದ ರಾತ್ರಿಗೆ ಮಾತ್ರ ಮೊದಲೇ ಕೋಣೆ ಹಿಡಿಯುವುದು. ಆಮೇಲೆ ಕರಾವಳಿ ಉದ್ದಕ್ಕೂ ಉತ್ತರಕ್ಕೆ ಹೋಗುತ್ತಾ ಕಣ್ಣಾರೆ ನೋಡುವುದು. ಎಲ್ಲಿ ಎಲ್ಲರಿಗೂ ಹಿಡಿಸುತ್ತದೋ ಅಲ್ಲಿ ಉಳಿದ ರಜೆ ಕಳೆಯುವುದು. ಏಪ್ರಿಲ್ ಕೊನೆ ಆದರೂ ವಾರದ ನಡುವೆ ಕೋಣೆ ಸಿಗುತ್ತದೆ ಅನ್ನುವ ಧೈರ್ಯ ಇತ್ತು.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. 2020ರಲ್ಲಿ ಶುರುವಾದ ಈ ರೈಲು ಕರಾವಳಿಗೆ ಹೋಗುವವರಿಗೆ ನಿಜಕ್ಕೂ ವರ. ಸಂಜೆ ಹತ್ತಿ ಮಲಗಿದರೆ ಹಾಸನ, ಸುಬ್ರಹ್ಮಣ್ಯ ದಾಟಿ ಕಾರವಾರದವರೆಗೆ ಹೋಗುತ್ತದೆ. ಉಡುಪಿ, ಕುಂದಾಪುರ, ಮುರುಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ಎಲ್ಲವೂ ದಾರಿಯಲ್ಲೇ. ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕಿತ್ತು. ನೆಮ್ಮದಿ.

ಶನಿವಾರ, ಮಲ್ಪೆ

ಬೆಳಕು ಹರಿಯುವ ಮೊದಲೇ ರೈಲು ಉಡುಪಿಯಲ್ಲಿ ಇಳಿಸಿತು. ಹೋಟೆಲ್ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ 12ಕ್ಕೆ. ಈ ನಡುವಿನ ಹೊತ್ತಿನ ಬಗ್ಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿದ್ದೆ. ಮುಖ ತೊಳೆದು ಚೀಲ ಇಡಲು ಒಂದು ಸಣ್ಣ ಕೋಣೆ ಬಿಟ್ಟುಕೊಟ್ಟರು. ರಾತ್ರಿ ರೈಲಿನಲ್ಲಿ ಬರುವವರು ಇದನ್ನು ಕೇಳಲೇಬೇಕು. ಇಲ್ಲದಿದ್ದರೆ ವಯಸ್ಸಾದವರು ಲಾಬಿಯ ಸೋಫಾದಲ್ಲಿ ಅರ್ಧ ದಿನ ಕಳೆಯಬೇಕಾಗುತ್ತದೆ. ಬೆಳಗ್ಗೆ ಕೃಷ್ಣ ಮಠದಲ್ಲಿ ದರ್ಶನ, ರಥಬೀದಿಯಲ್ಲಿ ತಿಂಡಿ. ಅಮ್ಮನ ಮುಖ ಅರಳಿತು.

ಮಲ್ಪೆಯ ತೀರ ಅಗಲ, ಚಪ್ಪಟೆ. ಮರಳು ಗಟ್ಟಿ, ಅಮ್ಮ ಕೋಲು ಊರಿಕೊಂಡು ಆರಾಮಾಗಿ ನಡೆದರು. ಜೀವರಕ್ಷಕರಿದ್ದಾರೆ, ಶೌಚಾಲಯ ಇದೆ, ತಿನ್ನಲು ಬೇಕಾದಷ್ಟಿದೆ. ನಮ್ಮ ಹೋಟೆಲ್ ರಸ್ತೆಯ ಆಚೆ ಬದಿಗಿತ್ತು. ರಸ್ತೆ ಸಣ್ಣದೇ. ಆದರೆ ಶನಿವಾರ ಸಂಜೆ ಅಲ್ಲಿ ಕಾರುಗಳ ಸಾಲು ಕರಗುವುದೇ ಇಲ್ಲ. ಮಕ್ಕಳನ್ನು ಅವರಷ್ಟಕ್ಕೆ ಬಿಡುವ ಹಾಗಿಲ್ಲ.

ಕೋಣೆಗೆ ದೊಡ್ಡ ಗಾಜಿನ ಬಾಗಿಲು, ನೇರ ಕಡಲಿಗೆ. ಒಂದೂವರೆ ಗಂಟೆಗೆ ಅಲ್ಲಿ ಬಿಸಿಲು ಬಿತ್ತು. ಬಿದ್ದದ್ದು ಸೂರ್ಯ ಮುಳುಗುವವರೆಗೂ ಕದಲಲಿಲ್ಲ. ನೆಲ ಸುಡುತ್ತಿತ್ತು, ಹಾಸಿಗೆ ಬಿಸಿ, ಎಸಿ ಏದುಸಿರು ಬಿಡುತ್ತಿತ್ತು. ಯೋಚಿಸಿದರೆ ಇದು ಸಹಜವೇ. ನಮ್ಮ ಕರಾವಳಿಯಲ್ಲಿ ಕಡಲು ಇರುವುದೇ ಪಶ್ಚಿಮಕ್ಕೆ. ಕಡಲಿಗೆ ಮುಖ ಮಾಡಿದ ಕೋಣೆ ಅಂದರೆ ಇಳಿಬಿಸಿಲಿಗೆ ಮುಖ ಮಾಡಿದ ಕೋಣೆ. ಡಿಸೆಂಬರಿನಲ್ಲಿ ಪರವಾಗಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಅಗಲವಾದ ಜಗಲಿಯೋ ಮರದ ನೆರಳೋ ಇಲ್ಲದ ಗಾಜಿನ ಕೋಣೆಗೆ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ ಅನ್ನುವುದು ನನಗೆ ಅವತ್ತೇ ಖಾತ್ರಿಯಾಯಿತು. ಕರೆಂಟು ಎರಡು ಸಲ ಹೋಯಿತು. ಜನರೇಟರಿಗೆ ಫ್ಯಾನ್, ಲೈಟ್ ಮಾತ್ರ ಅಂದರು. ಎಸಿಗೆ ಇಲ್ಲ.

ಸಂಜೆ ಮಾತ್ರ ಚೆನ್ನಾಗಿತ್ತು. ಸೀ ವಾಕ್ ಮೇಲೆ ನಿಂತರೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಬಂದರಿಗೆ ಮರಳುವ ದೋಣಿಗಳು. ಗೋಳಿಬಜೆ, ಚಹಾ. ರಾತ್ರಿ ತೀರದಿಂದ ಹಾಡಿನ ಸದ್ದು ಬರುತ್ತಲೇ ಇತ್ತು. ಗೆಳೆಯರ ಗುಂಪು ಬಂದಿದ್ದರೆ ಇದೇ ಖುಷಿ. ನಮಗೆ ನಿದ್ದೆ ಬೇಕಿತ್ತು.

ಭಾನುವಾರ, ಸೇಂಟ್ ಮೇರೀಸ್ ದ್ವೀಪ, ಮರವಂತೆ, ಮುರುಡೇಶ್ವರ

ಜನ ಸೇರುವ ಮೊದಲೇ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದೆವು. ಆರು ಮುಖದ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ತಣ್ಣಗಾಗಿ ಆದದ್ದಂತೆ. ಮಗಳು ಒಂದು ಕಂಬದ ಆರೂ ಬದಿಯನ್ನು ಬೆರಳಿನಿಂದ ಮುಟ್ಟಿ ಎಣಿಸಿದಳು. ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಬಿಡಲೂಬಾರದು. ಮಳೆಗಾಲ ಶುರುವಾಗುವ ಹೊತ್ತಿಗೆ ಈ ದೋಣಿಗಳೂ ನಿಲ್ಲುತ್ತವೆ. ದ್ವೀಪ ನೋಡಬೇಕು ಅಂತಲೇ ಮಲ್ಪೆಯಲ್ಲಿ ಕೋಣೆ ಹಿಡಿಯುವವರು ಮೇ ಕೊನೆಯ ಲೆಕ್ಕ ಹಾಕದಿರುವುದು ಒಳ್ಳೆಯದು.

ಟ್ಯಾಕ್ಸಿ ಹಿಡಿದು ಹೆದ್ದಾರಿ 66ರಲ್ಲಿ ಉತ್ತರಕ್ಕೆ. ಕುಂದಾಪುರದಲ್ಲಿ ಊಟ. ನೀರ್ದೋಸೆ, ಕೋಳಿ ಸಾರು, ಅಮ್ಮನಿಗೆ ಗಂಜಿ, ಉಪ್ಪಿನಕಾಯಿ. ಆಮೇಲೆ ಮರವಂತೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಕಾರಿನಲ್ಲಿದ್ದ ಎಲ್ಲರೂ ಒಟ್ಟಿಗೇ ಸುಮ್ಮನಾದರು. ಕರ್ನಾಟಕದ ರಸ್ತೆಗಳಲ್ಲಿ ಇದಕ್ಕಿಂತ ಚೆಂದದ ತುಣುಕು ನನಗೆ ಗೊತ್ತಿಲ್ಲ.

ಇಲ್ಲೇ ಉಳಿಯೋಣ ಅಂದ ಮಗ. ತ್ರಾಸಿ ಕಡೆ ಒಂದೆರಡು ಕೋಣೆ ನೋಡಿದೆವು. ಕಡಲು ಕಾಣುತ್ತದೆ, ಗಾಳಿ ಇದೆ, ದರವೂ ಹೆಚ್ಚಿಲ್ಲ. ಆದರೆ ಕೋಣೆಗೂ ಮರಳಿಗೂ ನಡುವೆ ಲಾರಿಗಳು ಭರ್ರನೆ ಓಡುವ ಹೆದ್ದಾರಿ. ದಾಟಿದರೆ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳು. ಅದರಾಚೆ ತೀರ ಕಡಿದಾಗಿ ಇಳಿಯುತ್ತದೆ. ಎಳನೀರು ಮಾರುತ್ತಿದ್ದವರು ಮಕ್ಕಳು ಚಪ್ಪಲಿ ಬಿಡುವುದನ್ನು ಕಂಡ ಕೂಡಲೇ ಕೂಗಿದರು: "ಹ್ವಾಯ್, ಇಲ್ಲಿ ಇಳಿಬೇಡಿ, ಸೆಳೆತ ಉಂಟು." ನೋಡಲು ಮರವಂತೆಯಷ್ಟು ಒಳ್ಳೆಯ ಜಾಗ ಇಲ್ಲ. ಮಕ್ಕಳ ಜೊತೆ ನೀರಾಟಕ್ಕೆ ಅದಲ್ಲ. ಎಳನೀರು ಕುಡಿದು ಹೊರಟೆವು.

ಮುರುಡೇಶ್ವರಕ್ಕೆ ಬಂದಾಗ ಸಂಜೆ. ವಾರಾಂತ್ಯದ ಜನ ಹೊರಡುತ್ತಿದ್ದರು, ಕೋಣೆ ಸುಲಭವಾಗಿ ಸಿಕ್ಕಿತು. ನೆಲಮಹಡಿಯಲ್ಲಿ, ಅಮ್ಮನಿಗಾಗಿ. ಇಲ್ಲಿ ಕಡಲು ಮೂರು ಕಡೆಗೂ ಇದೆ. ಬಾಗಿಲು ತೆರೆದರೆ ಉಪ್ಪುಗಾಳಿ, ತಲೆ ಎತ್ತಿದರೆ 123 ಅಡಿಯ ಶಿವ.

ಸೋಮವಾರ, ಗೋಪುರದ ಮೇಲಿನಿಂದ

ಬೆಳಗ್ಗೆ ರಾಜಗೋಪುರದ ಲಿಫ್ಟ್ ಹತ್ತಿ 18ನೇ ಅಂತಸ್ತಿಗೆ ಹೋದೆವು. ಜನ ಅಲ್ಲಿಗೆ ಹೋಗುವುದು ಶಿವನ ಮೂರ್ತಿ ನೋಡಲು. ನಾನು ಜಾಸ್ತಿ ಹೊತ್ತು ನೋಡಿದ್ದು ತೀರವನ್ನು. ಮೇಲಿನಿಂದ ಅಲೆಗಳು ಬಿಳಿ ಗೆರೆಗಳಾಗಿ ದಡಕ್ಕೆ ಬರುತ್ತವೆ. ಕೆಲವು ಕಡೆ ಆ ಬಿಳಿ ಗೆರೆ ತುಂಡಾಗಿ ನಡುವೆ ಒಂದು ಕಪ್ಪು ಓಣಿ ಕಾಣುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ. ದಡದಲ್ಲಿ ನಿಂತವರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ, ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಆದರೆ ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಹರಿಯುವುದು ಆ ಓಣಿಯಿಂದಲೇ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಇದೇ ತೀರದಲ್ಲಿ ನೀರುಪಾಲಾದರು. ಬಯಲುಸೀಮೆಯ ಮಕ್ಕಳು. ಕೆರೆ ಗೊತ್ತು, ಕಡಲು ಗೊತ್ತಿಲ್ಲ. ನಮ್ಮ ಮಕ್ಕಳೂ ಹಾಗೇ ಅಲ್ವಾ? ಆ ಸುದ್ದಿ ಓದಿದ ದಿನದಿಂದ ನನ್ನ ಹೋಟೆಲ್ ಹುಡುಕಾಟ ನೀರಿನಿಂದಲೇ ಶುರುವಾಗುತ್ತದೆ. ಜೀವರಕ್ಷಕರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತಾರೆ, ನೀರಿಗಿಳಿಯಬಹುದಾದ ಜಾಗ ತೋರಿಸುವ ಬಾವುಟ ಎಲ್ಲಿ ನೆಟ್ಟಿದ್ದಾರೆ, ಅಲ್ಲಿಗೆ ಕೋಣೆಯಿಂದ ಎಷ್ಟು ದೂರ. ಈಜುಕೊಳ, ಟಿವಿ, ತಿಂಡಿ ಎಲ್ಲ ಆಮೇಲೆ. ಫೋನಿನಲ್ಲಿ ಇದನ್ನು ಕೇಳಿದಾಗ ಸರಿಯಾಗಿ ಉತ್ತರ ಕೊಡುವ ಹೋಟೆಲಿನವರ ಮೇಲೆ ನನಗೆ ತಾನಾಗಿಯೇ ನಂಬಿಕೆ ಬರುತ್ತದೆ.

ಮಧ್ಯಾಹ್ನ ಹೊರಟು ಹೊನ್ನಾವರದ ಈಚೆಗಿರುವ ಕಾಸರಕೋಡಿನಲ್ಲಿ ನಿಲ್ಲಿಸಿದೆವು. ಕೇರಳದ ಕಾಸರಗೋಡು ಬೇರೆ, ಇದು ಶರಾವತಿ ಕಡಲು ಸೇರುವ ಜಾಗದ ಊರು. ಇಲ್ಲಿನ ಇಕೋ ಬೀಚಿಗೆ 2020ರ ಅಕ್ಟೋಬರಿನಲ್ಲಿ, ನಮ್ಮ ಪಡುಬಿದ್ರಿಯ ಜೊತೆಗೇ, ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕಿನ ಸಂಸ್ಥೆಯೊಂದು ನೀರಿನ ಶುದ್ಧಿ, ಸುರಕ್ಷತೆ, ಕಸದ ವಿಲೇವಾರಿ ಹೀಗೆ 33 ಅಂಶಗಳನ್ನು ನೋಡಿ ಕೊಡುವ ಮಾನ್ಯತೆ ಇದು. ಗಾಳಿಮರಗಳ ತೋಪು, ಸ್ನಾನಕ್ಕೆ ಸಿಹಿನೀರು, ಬಟ್ಟೆ ಬದಲಿಸಲು ಕೋಣೆ. ಅಮ್ಮ ತೋಪಿನಲ್ಲಿ ಬೆಂಚು ಹಿಡಿದು ಕೂತವರು ಏಳಲು ಒಪ್ಪಲಿಲ್ಲ.

ಅಲ್ಲಿನ ಜೀವರಕ್ಷಕರೊಬ್ಬರು ಮಕ್ಕಳನ್ನು ಕೂರಿಸಿಕೊಂಡು ಕೋಲಿನಿಂದ ಮರಳಿನ ಮೇಲೆ ಗೆರೆ ಎಳೆದರು. ದಡ, ಅಲೆ, ನಡುವೆ ಹೊರಗೆ ಹರಿಯುವ ನೀರು. "ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಬೇಡಿ, ಸೋತು ಹೋಗ್ತೀರಿ. ಕೈ ಎತ್ತಿ ತೇಲಿ. ಆಮೇಲೆ ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ. ಓಣಿ ಸಣ್ಣದು, ದಾಟಿದರೆ ಅಲೆಯೇ ದಡಕ್ಕೆ ತರ್ತದೆ." ಮಗ ಅದೇ ಕೋಲು ಇಸಿದುಕೊಂಡು ತಾನೂ ಒಮ್ಮೆ ಗೆರೆ ಎಳೆದು ತಂಗಿಗೆ ವಿವರಿಸಿದ. ನನ್ನ ಮಟ್ಟಿಗೆ ಈ ಪ್ರವಾಸದ ಬಹಳ ಬೆಲೆಬಾಳುವ ಗಳಿಗೆ ಅದು.

ಸಂಜೆ ಗೋಕರ್ಣ. ನೀರಿಗೆ ತೀರಾ ಹತ್ತಿರದ ಒಂದು ಹೋಟೆಲ್. ಚಿತ್ರದಲ್ಲಿ ಇದ್ದ ಹಾಗೇ ಮುಂದೆ ಅಗಲವಾದ ಮರಳು. ಮಕ್ಕಳು ಕತ್ತಲಾಗುವವರೆಗೂ ಗೂಡು ಕಟ್ಟಿದರು.

ಮಂಗಳವಾರ, ಗೋಕರ್ಣ

ಬೆಳಗ್ಗೆ ಮಹಾಬಲೇಶ್ವರನ ದರ್ಶನ. ಅಮ್ಮನ ಬಹುಕಾಲದ ಆಸೆ. ಆಮೇಲೆ ನಾನು, ಇವರು ಕುಡ್ಲೆ ತೀರ ನೋಡಿ ಬಂದೆವು. ವಾಹನ ಮೇಲೇ ನಿಲ್ಲುತ್ತದೆ, ಕೆಳಗೆ ನಡೆದು ಇಳಿಯಬೇಕು. ಓಂ ಬೀಚಿಗೂ ಮೆಟ್ಟಿಲು. ಎರಡೂ ಕಣ್ಣು ತುಂಬುವ ಜಾಗಗಳು, ತರುಣರಿಗೆ ಹೇಳಿ ಮಾಡಿಸಿದ್ದು. ಅಮ್ಮನ ಮಂಡಿಗೆ ಆಗದು.

ವಾಪಸ್ ಬರುವಾಗ ಹನ್ನೆರಡು ಗಂಟೆ. ನಿನ್ನೆ ಮಕ್ಕಳು ಗೂಡು ಕಟ್ಟಿದ ಮರಳು ಇರಲಿಲ್ಲ. ಅಲೆ ನೇರ ಹೋಟೆಲಿನ ಕಲ್ಲುಕಟ್ಟೆಗೆ ಬಡಿಯುತ್ತಿತ್ತು, ಹನಿ ಊಟದ ಮೇಜಿನವರೆಗೂ ಹಾರುತ್ತಿತ್ತು. ಕೇಳಿದರೆ "ಹುಣ್ಣಿಮೆ ಭರತ, ಸಂಜೆಗೆ ಸರಿಹೋಗ್ತದೆ" ಅಂದರು. ಚಿತ್ರ ತೆಗೆದದ್ದು ಇಳಿತದ ಹೊತ್ತಿಗೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇದನ್ನು ಮೊದಲೇ ತಿಳಿಸಬೇಕಿತ್ತು ಅಂತ ನಾನು ಅವರಿಗೆ ನೇರವಾಗಿಯೇ ಹೇಳಿದೆ.

ಭರತ ಅಂದರೆ ಕಡಲು ಏರುವುದು, ಇಳಿತ ಅಂದರೆ ಇಳಿಯುವುದು. ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ದೊಡ್ಡದು. ತೀರ ಚಪ್ಪಟೆ ಇದ್ದಷ್ಟೂ ನೀರು ದೂರದವರೆಗೆ ಬರುತ್ತದೆ. ಬೆಳಗ್ಗೆ ನಡೆಯುವಾಗ ಒಣಗಿದ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದ ಗೆರೆ ನೋಡಿದರೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೊತ್ತಾಗುತ್ತದೆ. ಆ ಗೆರೆ ಹೋಟೆಲಿನ ಗೋಡೆಗೆ ತಾಗಿಕೊಂಡೇ ಇದ್ದರೆ ಮಕ್ಕಳಿಗೆ ಆಡಲು ಮರಳು ಅರ್ಧ ದಿನ ಮಾತ್ರ.

ಕಡಲ ಬದಿಯ ಕಟ್ಟಡಗಳಿಗಿರುವ ಕರಾವಳಿ ನಿಯಂತ್ರಣ ವಲಯದ ನಿಯಮವೂ ದೂರವನ್ನು ದೊಡ್ಡ ಭರತದ ನೀರು ಮುಟ್ಟುವ ಗೆರೆಯಿಂದಲೇ ಅಳೆಯುತ್ತದೆ. 1991ರಲ್ಲಿ ಮೊದಲು ಬಂದದ್ದು, 2011 ಮತ್ತು 2019ರಲ್ಲಿ ಬದಲಾಯಿತು. ಹಳ್ಳಿಗಾಡಿನ ತೀರಗಳಲ್ಲಿ ಭರತದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ತಡೆ ಇತ್ತು. ಜನವಸತಿ ದಟ್ಟವಾಗಿರುವ ಕಡೆ 2019ರ ನಿಯಮ ಅದನ್ನು 50 ಮೀಟರಿಗೆ ಇಳಿಸಿತು. ಕಡಲಿನಿಂದ ಸ್ವಲ್ಪ ಹಿಂದೆ ಇರುವ ಹೋಟೆಲನ್ನು ನಾನಂತೂ ಕಡಿಮೆ ಅಂತ ಎಣಿಸುವುದಿಲ್ಲ. ನಡುವೆ ಮರಳುದಿಬ್ಬ, ಬಳ್ಳಿ, ಗಾಳಿಮರ ಉಳಿದಿರುತ್ತವೆ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುವುದು ಅಂಥ ಮರಳಿಗೇ. ದಡದ ಮೇಲೆ ಝಗಮಗ ದೀಪ ಹಾಕಿದರೆ ಮೊಟ್ಟೆಯೊಡೆದ ಮರಿಗಳು ಕಡಲು ಬಿಟ್ಟು ದೀಪದ ಕಡೆ ತೆವಳುತ್ತವೆ.

ರಾತ್ರಿ ಊಟ ಆದ ಮೇಲೆ ಅಮ್ಮನೇ ಮಾತು ತೆಗೆದರು. "ಆ ಗಾಳಿಮರದ ಊರಿಗೇ ಹೋಗೋಣ."

ಬುಧವಾರದಿಂದ, ಕಾಸರಕೋಡು

ಬೆಳಗ್ಗೆಯೇ ಹೊರಟು ಬಂದೆವು. ಒಂದು ಹೋಮ್‌ಸ್ಟೇ ನೋಡಿದೆವು, ಹೊಸದು, ಚೊಕ್ಕಟ. ಆದರೆ ಪಕ್ಕದಲ್ಲೇ ಮೀನು ಒಣಗಿಸುವ ಬಯಲು. ಅದು ಅಲ್ಲಿನವರ ಬದುಕು. ಮೂಗು ಮುಚ್ಚಿಕೊಂಡು ದೂರುವ ಹಕ್ಕು ನಮಗಿಲ್ಲ. ಅಮ್ಮನಿಗೆ ಆ ವಾಸನೆ ಆಗುವುದಿಲ್ಲ, ಅಷ್ಟೇ. ಇನ್ನೊಂದು ಸಿಕ್ಕಿತು. ತೆಂಗಿನ ತೋಟದ ನಡುವೆ ಹಂಚಿನ ಮನೆ, ನಾಲ್ಕೇ ಕೋಣೆ. ಕಡಲು ಕಾಣುವುದಿಲ್ಲ, ಕೇಳಿಸುತ್ತದೆ. ತೋಟದ ಹಿಂಬಾಗಿಲು ತೆರೆದು ಹೆಜ್ಜೆ ಹಾಕಿದೆ. ದಿಬ್ಬ, ಗಾಳಿಮರ, ಮರಳು. ರಸ್ತೆ ಇಲ್ಲ, ಮೆಟ್ಟಿಲಿಲ್ಲ. ಬಾವುಟ ನೆಟ್ಟ ಜಾಗಕ್ಕೆ ಐದು ನಿಮಿಷವೂ ಬೇಡ.

ದುಡ್ಡು ಕೊಡುವ ಮೊದಲು ಕೋಣೆ ನೋಡಿದೆ. ನಲ್ಲಿ ನೀರು ಬಾಯಿಗೆ ಹಾಕಿಕೊಂಡೆ. ಕಡಲ ಬದಿಯ ಎಷ್ಟೋ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಹತ್ತುತ್ತದೆ, ಸೋಪು ನೊರೆ ಬರುವುದಿಲ್ಲ. ಇಲ್ಲಿ ಸಿಹಿ ಇತ್ತು. ಕಿಟಕಿ ತೆರೆದು ಮುಚ್ಚಿದೆ. ಉಪ್ಪುಗಾಳಿಗೆ ಕಬ್ಬಿಣದ ತಿರುಗಣೆ ತುಕ್ಕು ಹಿಡಿದು ಕಿಟಕಿ ತೆರೆಯದೇ ಹೋದರೆ ಕಡಲ ಊರಿಗೆ ಬಂದೂ ಮುಚ್ಚಿದ ಪೆಟ್ಟಿಗೆಯಲ್ಲಿ ಮಲಗಬೇಕಾಗುತ್ತದೆ. ಇಲ್ಲಿ ಎದುರುಬದುರು ಕಿಟಕಿ, ಎರಡೂ ಸಲೀಸಾಗಿ ತೆರೆದವು. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಉಲ್ಟಾ. ಎರಡು ಕಡೆ ಕಿಟಕಿ ಇದ್ದರೆ ಈ ಎರಡೂ ಗಾಳಿ ಕೋಣೆಯೊಳಗೇ ಹಾದು ಹೋಗುತ್ತವೆ. ಎಸಿ ಇತ್ತು, ಮಧ್ಯಾಹ್ನ ಒಂದಷ್ಟು ಹೊತ್ತು ಬಿಟ್ಟರೆ ಬೇಕಾಗಲಿಲ್ಲ. ಬಾಡಿಗೆ ಮಲ್ಪೆಯ ಗಾಜಿನ ಕೋಣೆಗಿಂತ ಎಷ್ಟೋ ಕಡಿಮೆ.

ಆಮೇಲಿನ ದಿನಗಳಿಗೆ ಒಂದೇ ಕ್ರಮ. ಬೆಳಗ್ಗೆ ಜೀವರಕ್ಷಕರು ಬಂದ ಮೇಲೆ ನೀರು, ಬಿಸಿಲೇರುವ ಮೊದಲು ವಾಪಸ್. ಏಪ್ರಿಲ್ ಕೊನೆಯಲ್ಲಿ ಈ ಭಾಗದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಗಳದಲ್ಲಿ ಮಗ ಕೋಲೊಂದನ್ನು ನೆಟ್ಟಗೆ ನೆಟ್ಟು ಕಾದ. ನೆರಳು ಗಿಡ್ಡವಾಗುತ್ತಾ ಬಂದು ಹನ್ನೆರಡೂವರೆ ಹೊತ್ತಿಗೆ ಕೋಲಿನ ಬುಡದಲ್ಲೇ ಇಲ್ಲವಾಯಿತು. ಅಂಥ ಹೊತ್ತಿನಲ್ಲಿ ಮರಳಿನ ಮೇಲೆ ಮಕ್ಕಳನ್ನು ಬಿಡುವುದು ಸಲ್ಲದು. ನಾವು ಊಟ ಮಾಡಿ ಮಲಗುತ್ತಿದ್ದೆವು. ಬಂಗುಡೆ ಹುರಿದದ್ದು, ಕುಚ್ಚಲಕ್ಕಿ ಅನ್ನ, ಮುರುಗಲು ಶರಬತ್ತು. ಅಂಕೋಲೆಯ ಕರಿ ಇಶಾಡು ಮಾವು ಇನ್ನೂ ಬಂದಿರಲಿಲ್ಲ. ಮೇ ತಿಂಗಳಲ್ಲಿ ಬರುವವರು ಬಿಡಬೇಡಿ, 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ.

ಒಂದು ದಿನ ಶರಾವತಿಯ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಮರದ ಹಲಗೆಯ ದಾರಿಯ ಮೇಲೆ ನಡೆದೆವು. ಕೆಸರಿನಿಂದ ಮೇಲೆದ್ದ ಬೇರುಗಳ ನಡುವೆ ಏಡಿಗಳು ಒಂದು ಕೈ ಎತ್ತಿ ಬೀಸುತ್ತಿದ್ದವು. ಮಗಳು ಅಲ್ಲೇ ಕೂತುಬಿಟ್ಟಳು, ಎಬ್ಬಿಸಲು ಕಷ್ಟವಾಯಿತು. ಇನ್ನೊಂದು ಸಂಜೆ ಅಪ್ಸರಕೊಂಡ. ಜಲಪಾತ ಬೇಸಿಗೆಗೆ ಸಣಕಲಾಗಿತ್ತು, ಮೇಲಿನಿಂದ ಕಾಣುವ ಕಡಲು ಮಾತ್ರ ಹಾಗೇ.

ಶನಿವಾರ, ಹೊರಡುವ ದಿನ

ಮನೆಯೊಡತಿಯ ಹತ್ತಿರ ಮಳೆಗಾಲದ ಬಗ್ಗೆ ಕೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆ ಬಂದ್. ಕಡಲು ಅದಕ್ಕೂ ಮೊದಲೇ ಏಳಲು ಶುರುವಾಗುತ್ತದೆ. ಮೇ ಕೊನೆಗೆ ಬರುವವರಿಗೆ ತಾವು ಫೋನಿನಲ್ಲೇ ಹೇಳಿಬಿಡುವುದಾಗಿ ಅಂದರು: ಕೋಣೆ ಉಂಟು, ನೀರಿಗೆ ಇಳಿಯುವ ಆಸೆ ಇಟ್ಟುಕೊಂಡು ಬರಬೇಡಿ. ಕಡಲಿನ ಮುನ್ಸೂಚನೆ ನೀಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್ ಕೊಡುವ ಅಲೆಯ ಎಚ್ಚರಿಕೆಯನ್ನು ದಿನಾ ಮೊಬೈಲಿನಲ್ಲಿ ನೋಡಿ ಜಗಲಿಯ ಹಲಗೆಯ ಮೇಲೆ ಬರೆಯುತ್ತಾರೆ. ಪಕ್ಕದಲ್ಲೇ ಅವತ್ತಿನ ಭರತ, ಇಳಿತದ ಹೊತ್ತು.

ಸಂಜೆ ಹೊನ್ನಾವರದಲ್ಲಿ ರೈಲು ಹತ್ತಿದೆವು. ಕೂತ ಕೂಡಲೇ ಅಕ್ಕನ ಫೋನ್. ಅವಳು ಮಾವನವರನ್ನು ಕರೆದುಕೊಂಡು ಮೇ ಎರಡನೇ ವಾರ ಹೋಗಬೇಕಂತೆ. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ಮೊದಲು ನೋಡು ಅಂದೆ. ಹಿತ್ತಲ ಬಾಗಿಲಿಗೆ ಹತ್ತಿರದ, ಎರಡು ಕಿಟಕಿಯ ಕೋಣೆಯನ್ನೇ ಕೇಳು ಅಂತಲೂ ಹೇಳಿ ನಂಬರ್ ಕಳಿಸಿದೆ.